ಸೊಟ್ಟ ಹಲ್ಲು

ವಾಟ್ಸಾಪ್ ಗುಂಪಿಗೆ ಹಾಕಿದ ಫೋಟೊಗೆ ಎರಡು ನೀಲಿ ಟಿಕ್ ಬಿದ್ದು ಇಪ್ಪತ್ತು ನಿಮಿಷವಾಗಿತ್ತು. ಗೆಳತಿ ಗಿಳಿ ನೋಡಿದ್ದಾಳೆ. ನೋಡಿಯೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾಳೆ. ಹಲ್ಲುಸೆಟ್ಟು ಮಾಡುವ ಲ್ಯಾಬಿನಲ್ಲಿ ಕೂತ ಹಲ್ಲಿನವಳು ಮೇಣ ಮೆತ್ತಿದ ಕೈಯ ಕಿರುಬೆರಳಿನಿಂದ ಫೋನನ್ನು ಇನ್ನೊಮ್ಮೆ ತಟ್ಟಿ ಎಬ್ಬಿಸಿದಳು. ಏನೂ ಇಲ್ಲ.

ಗುಂಪಿನಲ್ಲಿ ಇದ್ದದ್ದೇ ನಾಲ್ಕು ಜನ. ಅದರಲ್ಲಿ ಗಡಿಯಾರ ರಿಪೇರಿಯವನೂ ನರ್ಸೂ ಲೆಕ್ಕಕ್ಕಿಲ್ಲ. ಅವರು ಮಧ್ಯಾಹ್ನದ ಮಾತಿಗೆ ಸಂಜೆ ನಗುವವರು. ಬಸ್ ಟಿಕೆಟ್ ಕೌಂಟರಿನ ಗಿಳಿ ಮತ್ತು ಇವಳು ಮಾತ್ರ ಹೇಳಿ ಮಾಡಿಸಿದ ಜೋಡಿ. ಇವಳು ಏನು ಹಾಕಿದರೂ ನಿಮಿಷದೊಳಗೆ ಅವಳದೊಂದು ಹಾರ್ಟು, ಅವಳು ಹಾಕಿದ್ದಕ್ಕೆ ಇವಳದು. ಇಬ್ಬರಿಗೂ ಒಂದೇ ಬೆಕ್ಕಿನ ವಿಡಿಯೊ ಇಷ್ಟ, ಒಂದೇ ಹಾಡು ಕಂಡರೆ ಸಿಟ್ಟು. ಎರಡು ವರ್ಷದಲ್ಲಿ ಗಿಳಿಯ ಅಡುಗೆಮನೆಯ ಕಿಟಕಿ, ಚಹಾ ಲೋಟದ ಅಂಚಿನ ಬಿರುಕು, ಸೋಫಾದ ಹರಿದ ಮೂಲೆ ಎಲ್ಲವೂ ಇವಳಿಗೆ ಗೊತ್ತು. ಆ ಮನೆಯ ಹೊಸಿಲು ಮಾತ್ರ ಇವಳು ದಾಟಿಲ್ಲ.

ಈಗ ಇಪ್ಪತ್ತೈದು ನಿಮಿಷ.

"ಆ ಡಬ್ಬಾನ ಆಚೆ ಬಿಸಾಕು," ಅಂದರು ಲ್ಯಾಬಿನ ಮೇಸ್ತ್ರಿ, ಕನ್ನಡಕದ ಮೇಲಿಂದ ಫೋನನ್ನು ನೋಡಿ. "ಐದು ಗಂಟೆಗೆ ಮೇಣದ ಸೆಟ್ಟನ್ನ ಅಳತೆ ನೋಡೋಕೆ ಕ್ಲಿನಿಕ್ಕಿಗೆ ಒಯ್ಯಬೇಕು. ಮುಗೀತಾ?"

"ಮುಗೀತು ಸರ್."

ಮೇಸ್ತ್ರಿ ಎದ್ದು ಬಂದು ಮೇಜಿನ ಮೇಲಿದ್ದ ಅಚ್ಚನ್ನು ಎತ್ತಿ ಬೆಳಕಿಗೆ ಹಿಡಿದರು. ಗುಲಾಬಿ ಮೇಣದಲ್ಲಿ ಕೂರಿಸಿದ ಪೂರ್ತಿ ಹಲ್ಲುಸೆಟ್ಟು, ಇಸ್ತ್ರಿ ಹಾಕಿದ ಹಾಗೆ ನೇರ. ಅವರು ಮುಖ ಗಂಟಿಕ್ಕಿದರು.

"ಚೀಟಿ ಓದೋಕೆ ಬರಲ್ವಾ ನಿನಗೆ?"

ಓದಲು ಬರುತ್ತಿತ್ತು. ಚೀಟಿಯಲ್ಲಿ ಹೆಸರಿಲ್ಲ, ಬರೀ ಒಂದು ನಂಬರು, ಪಕ್ಕದಲ್ಲಿ 'ಹೆಂಗಸು' ಅಂತ. ಅದರ ಕೆಳಗೆ ಡಾಕ್ಟರ ಕೈಬರಹ: ಮೇಲಿನ ಎದುರು ಹಲ್ಲು ಎರಡು, ಎಡದ್ದು ಬಲದ್ದರ ಮೇಲೆ ತುಸು ಏರಿರಲಿ, ಮೊದಲಿನಂತೆ. ಮಧ್ಯಾಹ್ನ ಹಾಗೆಯೇ ಕೂರಿಸಿದ್ದಳು. ಕೂರಿಸಿದ ಮೇಲೆ ನಗು ಬಂತು. ನಗು ಬಂದದ್ದನ್ನು ಗುಂಪಿಗೆ ಹಾಕದೆ ಇರುವುದು ಅವಳ ಜಾಯಮಾನದಲ್ಲೇ ಇಲ್ಲ. ಫೋಟೊ ತೆಗೆದು ಬರೆದಳು: "ಹೊಸ ಹಲ್ಲು, ಅದೂ ಬೇಕಂತಲೇ ಸೊಟ್ಟ! ಯಾರಪ್ಪಾ ಈ ಮಹಾತಾಯಿ?" ಅಪರೂಪಕ್ಕೆ ಇವತ್ತು ಗಡಿಯಾರದವನು ಕೂಡಲೇ ನಕ್ಕ. ನರ್ಸು ಬರೆದಳು: "ಪಾಪ, ನೇರ ಮಾಡಿ ಪುಣ್ಯ ಕಟ್ಕೊಳ್ಳೇ." ಇವಳು ಕಟ್ಟಿಕೊಂಡಿದ್ದಳು.

"ಜನ ಹಲ್ಲು ಕೇಳ್ಕೊಂಡು ಬರಲ್ಲ ಕಣಮ್ಮ, ತಮ್ಮ ಮುಖ ಕೇಳ್ಕೊಂಡು ಬರ್ತಾರೆ," ಅಂದರು ಮೇಸ್ತ್ರಿ. "ಮತ್ತೆ ಕೂರಿಸು."

ಸ್ಪಿರಿಟ್ ದೀಪ ಹಚ್ಚಿದಳು. ಕೈ ಕೆಲಸದ ಮೇಲಿತ್ತು, ಜೀವ ಫೋನಿನ ಮೇಲಿತ್ತು. ಗಿಳಿಗೆ ಏನಾಗಿದೆ? ನಿನ್ನೆ ತಾನೇನಾದರೂ ತಪ್ಪು ಬರೆದೆನಾ? ಗುಂಪಿನ ಹಳೆಯ ಮಾತುಗಳನ್ನೆಲ್ಲ ಮೇಲಕ್ಕೆ ಸರಿಸುತ್ತ ಹೋದಳು. ನಗು, ನಗು, ಹಾರ್ಟು, ಬೆಕ್ಕು, ನಗು. ನಡುವೆ ಗಿಳಿಯದೇ ಒಂದು ಫೋಟೊ. ಬೆಕ್ಕನ್ನು ತಲೆ ಮೇಲೆ ಕೂರಿಸಿಕೊಂಡು ಬಾಯಿ ತುಂಬ ನಗುತ್ತಿದ್ದಾಳೆ. ಈ ಫೋಟೊಗೆ ಇವಳೇ ಹತ್ತು ಸೆಕೆಂಡಿನಲ್ಲಿ ಹಾರ್ಟು ಒತ್ತಿದ್ದಳು. ಈಗ ಎರಡು ಬೆರಳಲ್ಲಿ ಹಿಗ್ಗಿಸಿದಳು.

ಎಡದ ಹಲ್ಲು ಬಲದ್ದರ ಮೇಲೆ ತುಸು ಏರಿತ್ತು.

ಚಾಕುವಿನ ತುದಿಯಿಂದ ಕಾದ ಮೇಣ ಹೆಬ್ಬೆರಳ ಮೇಲೆ ತೊಟ್ಟಿಕ್ಕಿತು. ಅವಳಿಗೆ ಅದು ಗೊತ್ತೂ ಆಗಲಿಲ್ಲ.

ತಾನು ಹಾಕಿದ ಹಲ್ಲಿನ ಫೋಟೊ ಅಳಿಸಲು ಹೋದಳು, ಎಲ್ಲರೂ ನೋಡಿಯಾಗಿದೆ, ಅಳಿಸಿ ಯಾರ ಕಣ್ಣಿಗೆ ಮಣ್ಣೆರಚುವುದು? ಆದರೂ ಅಳಿಸಿದಳು. 'ಸಾರಿ' ಎಂದು ಬರೆದಳು, ಪಕ್ಕದಲ್ಲಿ ಅಭ್ಯಾಸಬಲದಿಂದ ಅಳುವ ಮುಖವೊಂದನ್ನು ಒತ್ತಿದಳು, ಅದನ್ನು ನೋಡಿ ತನ್ನ ಮೇಲೇ ಅಸಹ್ಯ ಹುಟ್ಟಿ ಎರಡನ್ನೂ ಅಳಿಸಿದಳು. ಕೊನೆಗೆ ಫೋನನ್ನು ಮೇಣದ ಡಬ್ಬಕ್ಕೆ ಒರಗಿಸಿ ನಿಲ್ಲಿಸಿ, ಆ ನಗುವನ್ನು ನೋಡುತ್ತ ಹಲ್ಲು ಕೂರಿಸತೊಡಗಿದಳು. ಅರೆನಿಮಿಷಕ್ಕೊಮ್ಮೆ ತೆರೆ ಮಂಕಾಗುತ್ತಿತ್ತು. ಪ್ರತಿ ಸಲ ತಟ್ಟಿ ಬೆಳಕು ತರಿಸಿದಳು. ನಾಲ್ಕೂವರೆಗೆ ಗಾಜಿನ ತುಂಬ ಮೇಣದ ಬೆರಳಚ್ಚು.

ಕ್ಲಿನಿಕ್ಕಿಗೆ ಒಯ್ಯುವ ಹುಡುಗನನ್ನು ತಡೆದು ತಾನೇ ಹೊರಟಳು.

ಕ್ಲಿನಿಕ್ಕಿನ ಬೆಂಚಿನ ಮೇಲೆ ಗಿಳಿ ಕೂತಿದ್ದಳು. ಪಕ್ಕದಲ್ಲಿ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದ ವಯಸ್ಸಾದ ಹೆಂಗಸು. ಡಾಕ್ಟರು ಡಬ್ಬಿ ತೆಗೆದುಕೊಂಡು ಆ ಹೆಂಗಸನ್ನು ಒಳಗೆ ಕರೆದರು. ಬಾಗಿಲು ಅರ್ಧ ತೆರೆದೇ ಇತ್ತು.

"ನನಗೆ ಗೊತ್ತಿರಲಿಲ್ಲ ಕಣೇ," ಅಂದಳು ಹಲ್ಲಿನವಳು, ನಿಂತೇ.

"ಗೊತ್ತಿದ್ರೆ ಹಾಕ್ತಿರಲಿಲ್ಲ. ಬೇರೆಯವರ ಅಮ್ಮ ಆಗಿದ್ರೆ ಹಾಕ್ತಿದ್ದೆ, ಅಷ್ಟೇ ತಾನೇ?"

ಹಲ್ಲಿನವಳು ಬೆಂಚಿನ ಹತ್ತಿರಕ್ಕೆ ಸರಿದಳು. "ಒಂದು ಮಾತು ಹೇಳಬಾರದಿತ್ತಾ? ದಿನಾ ಮಾತಾಡ್ತೀವಿ."

"ಯಾವಾಗ ಮಾತಾಡ್ತೀವಿ?" ಗಿಳಿ ಮೊದಲ ಸಲ ತಲೆ ಎತ್ತಿದಳು. "ಮೂರು ತಿಂಗಳಿಂದ ಅಮ್ಮ ಯಾರೆದುರಿಗೂ ಊಟ ಮಾಡಿಲ್ಲ. ದಿನಕ್ಕೆ ನಲವತ್ತು ನಗು ಕಳಿಸ್ತಿದ್ವಲ್ಲ, ಅದರ ಮಧ್ಯೆ ಇದನ್ನ ಎಲ್ಲಿ ತುರುಕಲಿ? ಹೇಳಿದ್ರೆ ನೀನೂ ಒಂದು ಅಳೋ ಮುಖ ಒತ್ತಿ ಮುಂದೆ ಹೋಗ್ತಿದ್ದೆ. ನಾನಾದ್ರೂ ಅಷ್ಟೇ ಮಾಡ್ತಿದ್ದೆ."

ಹಲ್ಲಿನವಳು ಸುಟ್ಟ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

"ನೋಡು ಬಾರೇ," ಒಳಗಿನಿಂದ ತೊದಲು ದನಿ ಬಂತು. "ನಾನೇ ಏನೇ ಇದು?"

ಗಿಳಿ ಎದ್ದು ಹೋಗಿ ಬಾಗಿಲಲ್ಲಿ ನಿಂತಳು. ತಾಯಿ ಕೈಗನ್ನಡಿ ಹಿಡಿದು, ಏರಿದ ಹಲ್ಲನ್ನು ನಾಲಿಗೆಯ ತುದಿಯಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಗಿಳಿಯ ಬೆನ್ನು ಒಮ್ಮೆ ಅಲುಗಿತು. ನಕ್ಕಳೋ ಅತ್ತಳೋ, ಹಿಂದೆ ನಿಂತವಳಿಗೆ ಕಾಣಲಿಲ್ಲ.

"ಹೊರಗಡೆ ಯಾರೇ ಅದು?" ತಾಯಿ ಕೇಳಿದಳು.

ಗಿಳಿ ತಿರುಗಲಿಲ್ಲ. "ಹಲ್ಲು ಮಾಡಿದವಳು," ಅಂದಳು.

ಬೆಂಚಿನ ಮೇಲೆ ಅವಳು ಬಿಟ್ಟುಹೋದ ಚೀಲದಲ್ಲೂ ಇವಳ ಜೇಬಿನಲ್ಲೂ ಫೋನುಗಳು ಒಟ್ಟಿಗೇ ಗುಂಯ್‌ಗುಟ್ಟಿದವು. ಹಲ್ಲಿನವಳು ಜೇಬಿಗೆ ಕೈ ಹಾಕಲಿಲ್ಲ. ಬಾಗಿಲ ಬಳಿ, ಗಿಳಿ ತುಸು ಪಕ್ಕಕ್ಕೆ ಸರಿದು ಒಬ್ಬರು ನಿಲ್ಲುವಷ್ಟು ಜಾಗ ಮಾಡಿದ್ದಳು.