ಬಂತು, ಇಲ್ಲ, ಅಷ್ಟೇ

ಮುದಿ ವ್ಯಾನಿನ ರಿವರ್ಸ್ ಲೈಟು ಹತ್ತುತ್ತಿರಲಿಲ್ಲ. ಮರುದಿನ ವಾಹನ ತಪಾಸಣೆ. ಆ ದೀಪವಿಲ್ಲದೆ ವ್ಯಾನು ಪಾಸಾಗುವಂತಿಲ್ಲ. ಎಲೆಕ್ಟ್ರಿಷಿಯನ್ನನ್ನು ಕರೆಸಿ ಎಂದು ಕೆಲಸಕ್ಕೆ ಹೊರಟ ಹೆಂಡತಿ ಅಂದದ್ದೇ ತಪ್ಪಾಯಿತು. ಇಷ್ಟು ವರ್ಷ ಸ್ಟೀರಿಂಗು ಹಿಡಿದ ಕೈಗೆ ಎರಡು ವೈರು ಹಿಡಿಯಲು ಬಾರದೇ ಎಂದು ಡ್ರೈವರು ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಅಂಗಳಕ್ಕಿಳಿದ. ಹಿಂದೆ ನಿಂತು ದೀಪ ನೋಡಿ ಹೇಳಲು ಒಬ್ಬರು ಬೇಕಿತ್ತು. ಸಿಕ್ಕವರು ಮಾವ, ಅಂದರೆ ಹೆಂಡತಿಯ ಅಪ್ಪ.

ಮಾವ ಟೈಲರು. ಮಗಳ ಮನೆಯ ಮುಂದಿನ ಕೋಣೆಯಲ್ಲಿ ದಿನವಿಡೀ ಹೊಲಿಗೆ ಯಂತ್ರ ತುಳಿಯುವವರು. ಈ ವಯಸ್ಸಿನಲ್ಲೂ ಸೂಜಿಗೆ ದಾರ ಪೋಣಿಸಿಕೊಡಿ ಎಂದು ಯಾರನ್ನೂ ಕರೆದವರಲ್ಲ. ಆದರೆ ಬಾಯಿ ಬಿಟ್ಟರೆ ನಿಲ್ಲಿಸುವವರೂ ಅಲ್ಲ. ಬಲ್ಬು ಬಿಚ್ಚಿದರೆ "ಪಾಪ, ಎಷ್ಟು ವರ್ಷ ಉರಿದಿದ್ಯೋ" ಅನ್ನುವರು. ನೀಲಿ ವೈರು ಕಂಡರೆ ಎಂದೋ ಹೊಲಿದ ನೀಲಿ ಅಂಗಿಯ ಕತೆ ತೆಗೆಯುವರು.

ಬಲ್ಬು ಚೆನ್ನಾಗಿತ್ತು, ಫ್ಯೂಸೂ ಸರಿಯಿತ್ತು. ತುಕ್ಕು ಹಿಡಿದ ಅರ್ತಿಂಗ್ ವೈರನ್ನು ಉಜ್ಜಿ ಬಿಗಿದರೂ ದೀಪ ಹತ್ತಲಿಲ್ಲ. ಕೊನೆಗೆ ಡ್ರೈವರು ವ್ಯಾನಿನಡಿ ನುಸುಳಿ, ಗೇರ್‌ಬಾಕ್ಸಿನ ಸ್ವಿಚ್ಚಿಗೆ ಬರುವ ಎರಡು ವೈರುಗಳನ್ನು ಒಂದಕ್ಕೊಂದು ತಾಗಿಸಿದ.

"ಬಂತಾ?"

"ಆಹಾ ಅಳಿಯಂದ್ರೇ, ಈ ಕಡೇದು ಹಾಲಿನ ಹಾಗಿದೆ, ಆ ಕಡೇದು ಯಾಕೋ ಸ್ವಲ್ಪ ಹಳದಿ..."

"ಮಾವ! ಬಂತು, ಇಲ್ಲ, ಅಷ್ಟೇ ಹೇಳಿ. ಬೇರೆ ಒಂದು ಮಾತೂ ಬೇಡ."

ಮಾವ ತಮ್ಮ ಬಾಯಿಗೆ ತಾವೇ ಹೊಲಿಗೆ ಹಾಕಿಕೊಂಡರು.

ಕೆಟ್ಟದ್ದು ಸ್ವಿಚ್ಚು ಎಂದಾಯಿತು. ಡ್ರೈವರು ಹೊಸದು ತಂದು ಹಾಕಿದ. ಇನ್ನು ರಿವರ್ಸ್ ಗೇರಿಗೆ ತಳ್ಳಿ ನೋಡುವುದೊಂದೇ ಬಾಕಿ. ವ್ಯಾನಿನ ಹ್ಯಾಂಡ್‌ಬ್ರೇಕು ಹೆಸರಿಗೆ ಮಾತ್ರ. ಹಿಂದಿನ ಗೋಡೆಯ ಕಡೆಗೆ ಇಳಿಜಾರಾದ ಅಂಗಳದಲ್ಲಿ ವ್ಯಾನನ್ನು ಹಿಡಿದಿಟ್ಟಿದ್ದು ಫಸ್ಟ್ ಗೇರು. "ಚಕ್ರಕ್ಕೊಂದು ಕಲ್ಲು..." ಎಂದು ಮಾವ ಶುರುಮಾಡಿದರು. ಅಳಿಯ ಕೆಕ್ಕರಿಸಿ ನೋಡಿದ. ಮಾವ ಸುಮ್ಮನೆ ವ್ಯಾನಿಗೂ ಗೋಡೆಗೂ ನಡುವೆ ಹೋಗಿ ನಿಂತರು.

ಡ್ರೈವರು ಸೀಟಿನಲ್ಲಿ ಅರ್ಧ ಕೂತು, ಬಲಗಾಲು ಹೊರಗೆ ಇಳಿಬಿಟ್ಟು, ಎಡಗಾಲಲ್ಲಿ ಕ್ಲಚ್ ಒತ್ತಿ ಗೇರು ಬದಲಿಸಿದ.

"ಬಂತಾ?"

"ಬಂತು."

ಅವನ ಎದೆ ಉಬ್ಬಿತು. ಸಂಜೆ ಹೆಂಡತಿಯ ಮುಂದೆ ಆಡಬೇಕಾದ ಮಾತು ಆಗಲೇ ನಾಲಿಗೆ ತುದಿಗೆ ಬಂದಿತ್ತು. ಕ್ಲಚ್ಚಿನ ಮೇಲೆ ಕಾಲಿದೆ, ಗೇರಿನ ಹಿಡಿತ ಬಿಟ್ಟಿದೆ ಎಂಬುದೇ ಮರೆತುಹೋಯಿತು.

"ಬಂತು! ಬಂತು!"

"ಗೊತ್ತಾಯ್ತು ಮಾವ, ಒಂದ್ಸಲ ಹೇಳಿದ್ರೆ ಸಾಕು!"

"ಬಂತೂ!"

ಆಮೇಲೆ ಕೇಳಿಸಿದ್ದು ಗೋಡೆಗೆ ಬಂಪರು ಬಡಿದ ಸದ್ದು. ಮಾವ ಪಕ್ಕದ ಟೈರುಗಳ ರಾಶಿಯ ಮೇಲೆ ಬಿದ್ದಿದ್ದರು. ಒಂದು ಕಾಲನ್ನು ಎಳೆದುಕೊಂಡಿದ್ದರು, ಇನ್ನೊಂದಕ್ಕೆ ಸಮಯ ಸಿಕ್ಕಿರಲಿಲ್ಲ. ಮೇಲೆ ರಿವರ್ಸ್ ಲೈಟು ಚೆನ್ನಾಗಿಯೇ ಉರಿಯುತ್ತಿತ್ತು.

ಆಸ್ಪತ್ರೆಯಲ್ಲಿ ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿದರು. ಮತ್ತೆ ಯಂತ್ರ ತುಳಿಯಲಾದೀತೇ ಎಂದರೆ ಡಾಕ್ಟರು ನೋಡೋಣ ಎಂದಷ್ಟೇ ಹೇಳಿದರು. ಅಷ್ಟರಲ್ಲಿ ಮಗಳು ಓಡಿಬಂದಳು.

"ಏನಾಯ್ತಪ್ಪ?"

"ನಂದೇ ತಪ್ಪಮ್ಮ. ಪಕ್ಕಕ್ಕೆ ಸರೀರಿ ಸರೀರಿ ಅಂತ ಅಳಿಯಂದ್ರು ಕೂಗಿದ್ರು. ಈ ಹಾಳು ಕಿವಿಗೆ ಕೇಳಿಸ್ಬೇಕಲ್ಲ!"

"ಕಿವಿ ಕೇಳಿಸ್ದೇ ಇರೋರು ಯಾಕೆ ಹೋಗಿ ನಿಂತ್ರಿ ಅಲ್ಲಿ?" ಎಂದು ಅವಳು ಅಳುತ್ತಲೇ ಗದರಿದಳು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಡ್ರೈವರಿಗೆ. ಹರಿದದ್ದನ್ನು ಕಾಣದಂತೆ ಹೊಲಿಯುವುದು ಮಾವನ ಕಸುಬು. ಅಳಿಯನ ಮಾನಕ್ಕೂ ಹಾಗೇ ಹೊಲಿಗೆ ಹಾಕಿದ್ದರು. ಸುಮ್ಮನಿದ್ದರೆ ಸಾಕಿತ್ತು. ಒಂದು ಗಳಿಗೆ ಸುಮ್ಮನಿದ್ದ ಕೂಡ, ಆ ನಾಚಿಕೆ ಬೇರೆ.

"ಮಾವನ ಕಿವಿ ಸರಿಯಾಗೇ ಇದೆ," ಎಂದ ಕೊನೆಗೆ, ನೆಲ ನೋಡುತ್ತ. "ನಾನು ಸರೀರಿ ಅಂತ ಕೂಗ್ಲೇ ಇಲ್ಲ. ಅವರೇ ಬಂತು ಬಂತು ಅಂತ ಕೂಗಿದ್ರು, ವ್ಯಾನ್ ಬಂತು ಅಂತ. ನಾನು ಲೈಟು ಅಂದ್ಕೊಂಡೆ. ಬೇರೆ ಮಾತು ಆಡ್ಬೇಡಿ ಅಂತ ಬಾಯಿ ಮುಚ್ಚಿಸಿದ್ದೂ ನಾನೇ."

ಹೆಂಡತಿ ಅಪ್ಪನ ಪ್ಲಾಸ್ಟರ್ ಕಾಲಿನಡಿ ದಿಂಬು ಸರಿಸಿದಳು. ಅವನು ಮಂಚದ ಪಕ್ಕ ಕುಕ್ಕರಿಸಿದ.

"ಮಾವ, ತುಂಬಾ ನೋಯ್ತಿದ್ಯಾ?"

ಮಾವ ಬಾಯಿ ತೆರೆದವರು ತಡೆದು, ಅಳಿಯನ ಮುಖ ನೋಡಿದರು.

"ಬೇರೆ ಮಾತು ಆಡ್ಬಹುದಾ?" ಎಂದರು.

ಅದು ಚುಚ್ಚುಮಾತಲ್ಲ. ನಿಜಕ್ಕೂ ಕೇಳಿದ್ದರು.