ಗೋಳಗುಮ್ಮಟದಲ್ಲಿ ಬಿಡಿಸಿದ ಗುಳ್ಳೆ

ನಾನು ಒಂದು ಮಸಿಯ ಪೆನ್ನು. ಲೇತ್ ಯಂತ್ರದ ಮೇಲೆ ಗಿರಗಿರನೆ ತಿರುಗಿ, ಎಬೊನೈಟ್ ಎಂಬ ಕಪ್ಪು ಗಟ್ಟಿ ರಬ್ಬರಿನ ಕೋಲಿನಿಂದ ಹುಟ್ಟಿದೆ. ಮೈಸೂರಿನ ಚಿತ್ರಕಾರ ಶ್ರೀಕಂಠಯ್ಯನವರು ನನ್ನನ್ನು ಕೊಂಡರು. ಊರೂರು ತಿರುಗಿ, ಕಂಡದ್ದನ್ನೆಲ್ಲ ವಾರಪತ್ರಿಕೆಗೆ ಕಾಮಿಕ್ಸ್ ಮಾಡಿ ಕೊಡುವುದು ಅವರ ಕಸುಬು.

ಆದರೆ ಪಾತ್ರಗಳ ಮಾತು ಬರೆಯುವ ಗುಳ್ಳೆಗಳು ಅವರ ಕೈಯವಲ್ಲ. "ಇವಳೇ, ಗುಳ್ಳೆ ಹಾಕು" ಎಂದು ನನ್ನನ್ನು ಹೆಂಡತಿಗೆ ದಾಟಿಸುತ್ತಿದ್ದರು. ಚಿತ್ರವನ್ನು ಮೊದಲು ಬರೆದರೆ ಮಾತಿಗೆ ಜಾಗ ಸಾಲದು. ಹಾಗಾಗಿ ಸರ್ವಮಂಗಳಮ್ಮ ಖಾಲಿ ಚೌಕಗಳಲ್ಲಿ ಮೊದಲು ಗುಳ್ಳೆ ಬಿಡಿಸಿ, ಮಾತು ತುಂಬಿ ಕೊಡುತ್ತಿದ್ದರು. ಟಾಂಗಾದವನು, ಪೂಜಾರಿ, ಕೋತಿ, ಎಲ್ಲರಿಗೂ ಮಾತಿತ್ತು. ಮೂಲೆಯಲ್ಲಿ ಚೀಲ ಹಿಡಿದು ನಿಂತ ಹೆಂಗಸಿಗೆ ಮಾತ್ರ ಗುಳ್ಳೆ ಇರಲಿಲ್ಲ. ಆ ಹೆಂಗಸು ಸರ್ವಮಂಗಳಮ್ಮನವರೇ.

ಶ್ರೀಕಂಠಯ್ಯನವರು ತೀರಿಕೊಂಡ ಮೇಲೆ ನಾನು ಬಹಳ ಕಾಲ ಒಣಗಿ ಬಿದ್ದಿದ್ದೆ. ಒಂದು ಬೆಳಿಗ್ಗೆ ಸರ್ವಮಂಗಳಮ್ಮ ನನ್ನನ್ನು ತೊಳೆದು, ಮಸಿ ತುಂಬಿ, ಒಬ್ಬರೇ ವಿಜಯಪುರದ ರೈಲು ಹತ್ತಿದರು. ಒಂದು ಪುಟವಾದರೂ ಪೂರ್ತಿ ತಮ್ಮದಾಗಬೇಕು ಎಂಬುದು ಅವರ ಹಟ.

ಗೋಳಗುಮ್ಮಟದ ಮೇಲೆ, ಪಿಸುಮಾತೂ ಮಾರ್ದನಿಸುವ ಒಳಸುತ್ತಿನ ಮೊಗಸಾಲೆಯಲ್ಲಿ ಕುಳಿತು ಹಾಳೆ ತೆರೆದರು. ಅಷ್ಟು ದೊಡ್ಡ ಬಯಲಿಗೆ ಒಂದೂ ಕಂಬವಿಲ್ಲ. ನನ್ನ ಮಸಿ ಕ್ಷಣಕಾಲ ನಿಂತಂತಾಯಿತು. ಆಮೇಲೆ ಕೈ, ಹಳೆಯ ಅಭ್ಯಾಸದಂತೆ, ಮೊದಲು ಗುಳ್ಳೆಯನ್ನೇ ಬಿಡಿಸಿತು, ಅದೂ ಪುಟದ ಅಂಚಿನಿಂದ ಅಂಚಿಗೆ. ಗುಮ್ಮಟಕ್ಕೆ ಜಾಗವೇ ಉಳಿಯಲಿಲ್ಲ.

"ಹಾಳು ಮಾಡಿಬಿಟ್ಟೆ" ಎಂದು ಅವರು ಕಣ್ಣೊರೆಸಿಕೊಂಡರು.

ಪಕ್ಕದಲ್ಲಿದ್ದ ಊರಿನ ಹೆಂಗಸೊಬ್ಬಳು ಬಗ್ಗಿ ನೋಡಿದಳು. "ಯಕ್ಕಾ, ಇಲ್ಲಿ ಬಂದು ಸುಮ್ನ ಕುಂತ್ರ ಹ್ಯಾಂಗ? ಹೆಸರ ಹಿಡದು ಕೂಗು."

"ಯಾರ ಹೆಸರು?"

"ನಿಂದ! ಮನ್ಯಾಗ ಕರೀತಾರಲ್ಲ, ಹಂಗ."

"ಮನೇಲಿ 'ಇವಳೇ' ಅಂತಿದ್ರು ಕಣಮ್ಮ."

"ಅಯ್ಯ! ಹಂಗ ಕೂಗಿದ್ರ ಇಲ್ಲಿರೋ ಹೆಂಗಸ್ರೆಲ್ಲಾ ಓ ಅಂತೀವಿ!"

ಸರ್ವಮಂಗಳಮ್ಮ ನಕ್ಕರು. ಗೋಡೆಗೆ ಬಾಯಿಟ್ಟು ಮೆಲ್ಲಗೆ ಕರೆದರು: "ಸರ್ವಮಂಗಳಾ..."

ಆಚೆ ಗೋಡೆ ಕರೆಯಿತು. ಈಚೆ ಗೋಡೆ ಕರೆಯಿತು. ಮತ್ತೆ, ಮತ್ತೆ. ಕಲ್ಲಿನ ಆ ಆಕಾಶವೆಲ್ಲ ಒಂದೇ ಹೆಸರಿನಿಂದ ತುಂಬಿತು. ಅವರು ನನ್ನನ್ನು ಎದೆಗೆ ಒತ್ತಿಕೊಂಡಿದ್ದರು. ಆ ಬಡಿತ ನನಗೆ ಇನ್ನೂ ನೆನಪಿದೆ.

ದನಿಯೆಲ್ಲ ಅಡಗಿದ ಮೇಲೆ ಹಾಳೆ ನೋಡಿದರು. ಆ ಗುಳ್ಳೆಯೇ ಗುಮ್ಮಟವಾಗಿತ್ತು. ಮಾತಾಡುವವರತ್ತ ಚಾಚುವ ಅದರ ಬಾಲವನ್ನು ಕೆಳಗಿನ ಮೂಲೆಗೆ ಎಳೆದು, ಅಲ್ಲಿ ಚೀಲ ಹಿಡಿದ ಹೆಂಗಸನ್ನು ನಿಲ್ಲಿಸಿದರು. ಗುಳ್ಳೆಯೊಳಗೆ ತಮ್ಮ ಹೆಸರನ್ನು ದುಂಡಗೆ ಬರೆದರು.

ಈಗ ನನ್ನ ನಿಬ್ಬು ಸವೆದಿದೆ. ಅವರು ಹೊಸ ಪೆನ್ನು ಹಿಡಿದು ಊರೂರು ಹೋಗುತ್ತಾರೆ. ನಾನು ಕಿಟಕಿಯ ಬಳಿಯ ಲೋಟದಲ್ಲಿ ನಿಂತು ಎದುರು ಗೋಡೆಗೆ ತೂಗುಹಾಕಿದ ಆ ಪುಟವನ್ನು ನೋಡುತ್ತಿರುತ್ತೇನೆ. ಎಷ್ಟೋ ಹೆಸರು ಬರೆದಿದ್ದೇನೆ. ಒಂದು ಹೆಸರಿಗೆ ಅಷ್ಟು ದೊಡ್ಡ ಜಾಗ ಬೇಕೆಂದು ಮಾತ್ರ ನನಗೆ ಗೊತ್ತಿರಲಿಲ್ಲ.