ಬರಿಗಾಲೇ ಇಷ್ಟ

"ಬಡತನವಂತೆ, ಬಡತನ!" ಡಗಲ್ ಎದ್ದು ನಿಂತ ರಭಸಕ್ಕೆ ಮಕ್ಕಳ ಪುಟ್ಟ ಕುರ್ಚಿ ಹಿಂದಕ್ಕೆ ಉರುಳಿತು. "ನಾನು ಇದೇ ಸ್ಕೂಲಿಗೆ ಬರಿಗಾಲಲ್ಲಿ ಬಂದೋನು. ಕಾಲು ಮರಗಟ್ಟಿದ್ರೆ ಹಸು ಆಗಷ್ಟೇ ಹಾಕಿದ ಸಗಣಿ ಮೇಲೆ ನಿಂತ್ಕೋತಿದ್ವಿ. ಆಹಾ, ಏನು ಬೆಚ್ಚಗೆ! ಆಗ ಯಾವನೂ ಬಂದು ನಮ್ಮನ್ನ ಬಡವರು ಅನ್ಲಿಲ್ಲ."

ಸಭೆ ಗೊಳ್ಳೆಂದು ನಕ್ಕಿತು. ನೈರಿಯೂ ನಕ್ಕಳು, ಎಲ್ಲರಿಗಿಂತ ತುಸು ಜೋರಾಗಿಯೇ.

ಆಕ್ಲೆಂಡಿನ ಒಂದು ದತ್ತಿಸಂಸ್ಥೆ ಶಾಲೆಯ ಮಕ್ಕಳಿಗೆ ಚಳಿಗಾಲದ ಶೂ ಕೊಡಲು ಮುಂದೆ ಬಂದಿತ್ತು. ಬೇಕಾದವರು ಮಗುವಿನ ಕಾಲಿನ ಅಳತೆ ಕೊಟ್ಟರೆ ಸಾಕು. ಆದರೆ ಪೋಷಕರ ಸಭೆ ಒಪ್ಪಬೇಕು. ಒಪ್ಪಿದರೆ ಊರಿನ ಮಾನ ಏನಾಗಬೇಕು? ಸುತ್ತ ಎಲ್ಲಿ ನೋಡಿದರೂ ಹಸುಗಳು, ಹಾಲಿನ ಲಾರಿಗಳು. ಹೊರಗೆ ಕಾರು ನಿಲ್ಲಿಸಲು ಜಾಗವಿಲ್ಲ. ಅದೂ ಅಲ್ಲದೆ ಈ ಕಡೆ ಡಾಕ್ಟರ ಮಕ್ಕಳೂ ಬರಿಗಾಲಲ್ಲೇ ಶಾಲೆಗೆ ಬರುತ್ತಾರೆ, ಅಂಗಡಿಗೂ ಹೋಗುತ್ತಾರೆ. ಅದು ಊರವರಿಗೆ ಹೆಮ್ಮೆಯ ವಿಷಯ.

ಮುಖ್ಯೋಪಾಧ್ಯಾಯಿನಿ ಮಿಸ್ ಲೋಗನ್ ನಗಲಿಲ್ಲ. "ಡಗಲ್, ನಿಮ್ಮ ಕಾಲದಲ್ಲಿ ಯಾರ ಹತ್ರಾನೂ ಶೂ ಇರ್ಲಿಲ್ಲ. ಈಗ ಒಂದು ಮಗು ಶೂನ ಮನೇಲಿ ಬಿಟ್ಟು ಬರುತ್ತೆ. ಇನ್ನೊಂದು ಮಗುಗೆ ಬಿಟ್ಟು ಬರೋಕೇ ಶೂ ಇಲ್ಲ. ಪಾದ ನೋಡಿದ್ರೆ ಎರಡೂ ಒಂದೇ ಥರ. ಯಾವುದು ಯಾವುದು ಅಂತ ನನಗೂ ಗೊತ್ತಾಗ್ತಿಲ್ಲ. ಅದಕ್ಕೇ ಕೇಳ್ತಿದೀನಿ."

"ಅಯ್ಯೋ, ಕೇಳೋದೇನಿದೆ ಮಿಸ್? ನೈರೀನೇ ಕೇಳಿ!" ಡಗಲ್ ಕೈ ತೋರಿಸಿದ. "ಅವಳ ಮಗಳು ಟೂಯಿ, ಈ ಜುಲೈ ಚಳಿಗಾಲದಲ್ಲೂ ಬರಿಗಾಲು. ಮೊನ್ನೆ ಕೇಳಿದ್ದಕ್ಕೆ 'ನಂಗೆ ಬರಿಗಾಲೇ ಇಷ್ಟ' ಅಂದ್ಳು. ಗಟ್ಟಿಗಿತ್ತಿ!"

ಎಲ್ಲ ಮುಖಗಳೂ ನೈರಿಯತ್ತ ತಿರುಗಿದವು. ಅವಳಿಗೆ ಕಿವಿಯ ತುದಿಯವರೆಗೂ ಬಿಸಿಯೇರಿತು. ಟೂಯಿಯ ಶೂ ಬಾಯಿಬಿಟ್ಟು ಮೂರು ತಿಂಗಳಾಗಿತ್ತು. ನೈರಿ ತಾನೇ ಅದನ್ನು ಕಸದ ಡಬ್ಬಿಗೆ ಹಾಕಿ, ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ಮಗಳಿಗೆ ಕಲಿಸಿದ್ದಳು. ಗಂಡ ದುಡಿಯುತ್ತಿದ್ದ ಮಾಂಸದ ಕಾರ್ಖಾನೆ ಈ ಸಲದ ಹಂಗಾಮಿಗೆ ಬೇಗ ಬಾಗಿಲು ಹಾಕಿದ್ದರಿಂದ ಅವನು ಮನೆಯಲ್ಲಿ ಕೂತಿದ್ದ. ಅಷ್ಟಿದ್ದೂ ಇವತ್ತಿನ ಸಭೆಗೆ ಬರಿಗೈಲಿ ಬರಲಾರದೆ, ಮನೆಯಲ್ಲಿದ್ದ ಮೊಟ್ಟೆಯೆಲ್ಲ ಒಡೆದು ಪೈ ಮಾಡಿ ತಂದಿದ್ದಳು. ಟೂಯಿ ಊಟದ ಬದಲು ಬ್ರೆಡ್ಡಿಗೆ ಜಾಮ್ ಸವರಿಕೊಂಡು ತಿಂದಿದ್ದಳು.

ಹೌದು, ನನಗೆ ಬೇಕು ಎಂದುಬಿಡಬಹುದಿತ್ತು.

"ಡಗಲ್ ಹೇಳಿದ್ದು ನಿಜ," ಎಂದಳು ನೈರಿ. "ನಮ್ಮ ಮಕ್ಕಳು ಹೀಗೇ ಬೆಳೆದಿರೋದು, ಹೀಗೇ ಗಟ್ಟಿಯಾಗಿರೋದು. ಯಾರೋ ಪಟ್ಟಣದವರು ಬಂದು ನಮ್ಮ ಮಕ್ಕಳ ಪಾದ ನೋಡಿ ಅಯ್ಯೋ ಪಾಪ ಅನ್ನೋದು ನಂಗಂತೂ ಬೇಡ. ಹೊಟ್ಟೆಗಿಲ್ಲದ ಮಕ್ಕಳು ಬೇರೆ ದೇಶದಲ್ಲಿದಾರೆ, ಅಲ್ಲಿ ಕೊಡ್ಲಿ."

ಚಪ್ಪಾಳೆ ಬಿತ್ತು. ಡಗಲ್ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದ. ಶೂ ಬೇಕೆನ್ನುವವರು ಕೈಯೆತ್ತಿ ಎಂದು ಮಿಸ್ ಲೋಗನ್ ಕೇಳಿದಾಗ, ನೈರಿಯ ಮುಂದಿನ ಸಾಲಿನಲ್ಲಿ ಕೂತಿದ್ದ ಲೋಸಾಳ ಕೈ ಭುಜದವರೆಗೆ ಏರಿತು. ಪಕ್ಕದ ಬೀದಿಯ ಲೋಸಾ, ಸಮೋವಾ ದ್ವೀಪದವಳು, ಆಸ್ಪತ್ರೆಯಲ್ಲಿ ನೆಲ ಒರೆಸುವವಳು. ಅವಳು ಅತ್ತಿತ್ತ ನೋಡಿದಳು. ಆ ಕೈಯಿಂದಲೇ ಕೂದಲು ಸರಿಮಾಡಿಕೊಂಡು ಇಳಿಸಿದಳು. ನೈರಿ ಅದನ್ನು ಕಂಡಳು. ಕಾಣದಿದ್ದರೆ ಚೆನ್ನಾಗಿತ್ತು.

"ಸರಿ," ಎಂದರು ಮಿಸ್ ಲೋಗನ್. "ನಾಳೆ ಸ್ಕೂಲ್ ಶುರುವಾದ್ಮೇಲೆ ಆ ಸಂಸ್ಥೆಗೆ ಫೋನ್ ಮಾಡಿ ಬೇಡ ಅಂತೀನಿ. ಅಷ್ಟರೊಳಗೆ ಯಾರಾದ್ರೂ ಮನಸ್ಸು ಬದಲಾಯಿಸಿದ್ರೆ, ನಾನು ಆಫೀಸಲ್ಲೇ ಇರ್ತೀನಿ."

ಚಹಾದ ಹೊತ್ತಿಗೆ ನೈರಿಯ ಪೈ ಎಲ್ಲಕ್ಕಿಂತ ಮೊದಲು ಖಾಲಿಯಾಯಿತು. ಅವಳು ತಟ್ಟೆ ತೊಳೆಯುತ್ತಿದ್ದಾಗ ಲೋಸಾ ಒರೆಸುವ ಬಟ್ಟೆ ಹಿಡಿದು ಬಂದಳು.

"ಚೆನ್ನಾಗಿ ಮಾತಾಡಿದೆ ಕಣೇ," ಎಂದಳು. ಕೊಂಕಿರಲಿಲ್ಲ, ಇದ್ದಿದ್ದರೆ ನೈರಿಗೆ ಹಗುರವಾಗುತ್ತಿತ್ತು. "ನಮ್ಮ ಹುಡುಗ ಸೆಫೋನೂ ಈಗ ಹಾಗೇ ಹೇಳ್ತಾನೆ. ಬರಿಗಾಲೇ ಇಷ್ಟ ಅಂತ. ಮೊದಲು ಕೇಳಿದೋರ ಮುಂದೆ ಅಳ್ತಿದ್ದ. 'ಹೀಗನ್ನು, ಆಮೇಲೆ ಯಾರೂ ಕೇಳಲ್ಲ' ಅಂತ ಟೂಯೀನೇ ಹೇಳಿಕೊಟ್ಟಳಂತೆ."

ನೈರಿ ನಲ್ಲಿಯ ನೀರನ್ನು ಇನ್ನಷ್ಟು ಜೋರು ಮಾಡಿದಳು. ನಾಚಿಕೆಯಿಂದ ಅವಳಿಗೆ ಲೋಸಾಳ ಮುಖ ನೋಡಲಾಗಲಿಲ್ಲ. ಒಂಬತ್ತು ವರ್ಷದ ಹುಡುಗಿ ಅಮ್ಮನ ಸುಳ್ಳನ್ನು ಇನ್ನೊಂದು ಮಗುವಿಗೆ ಹಂಚಿದ್ದಳು, ತನ್ನಲ್ಲಿದ್ದ ತಿಂಡಿಯಲ್ಲಿ ಅರ್ಧ ಕೊಟ್ಟ ಹಾಗೆ.

ಬೆಳಿಗ್ಗೆ ಇಬ್ಬನಿ ಹೆಪ್ಪುಗಟ್ಟಿ ಹುಲ್ಲೆಲ್ಲ ಬೆಳ್ಳಗಾಗಿತ್ತು. ಟೂಯಿ ಚೀಲ ಹೆಗಲಿಗೇರಿಸಿ ಹೊಸ್ತಿಲಲ್ಲಿ ನಿಂತು, ಒಂದು ಪಾದವನ್ನು ಇನ್ನೊಂದರ ಮೇಲಿಟ್ಟು ಉಜ್ಜಿಕೊಂಡಳು.

"ಅಮ್ಮ, ನಿನ್ನೆ ನೀನು ಹೇಳಿದ್ದಕ್ಕೆ ಎಲ್ರೂ ಚಪ್ಪಾಳೆ ತಟ್ಟಿದ್ರಂತಲ್ಲ?"

"ಯಾರು ಹೇಳಿದ್ರು ನಿಂಗೆ?"

"ಅಪ್ಪ." ಟೂಯಿ ಹುಲ್ಲನ್ನು ನೋಡಿದಳು. "ಹಾಗಾದ್ರೆ ಇನ್ಮೇಲೂ ಇಷ್ಟ ಅಂತಾನೇ ಹೇಳ್ಬೇಕಾ?"

ನೈರಿ ಮಗಳ ಚೀಲದ ಪಟ್ಟಿ ಸರಿಮಾಡಿದಳು. ಮಗಳು ಕಾದಳು, ಆಮೇಲೆ ಹೊರಟಳು. ರಸ್ತೆ ಬದಿಯ ಹುಲ್ಲಿನ ಮೇಲೆ ಓಡಿದಳು, ಓಡಿದರೆ ಕಾಲಿಗೆ ಚಳಿ ಕಡಿಮೆ ಕೊರೆಯುತ್ತದಂತೆ.

ನೈರಿ ಕೋಟು ಸಿಕ್ಕಿಸಿಕೊಂಡು ಹಿಂದೆಯೇ ಬಂದಳು. ಆ ಬಿಳುಪಿನಲ್ಲಿ ಟೂಯಿಯ ಹೆಜ್ಜೆಗಳು ಹಸಿರಾಗಿ ಮೂಡಿದ್ದವು, ಐದು ಬೆರಳೂ ಬೇರೆಬೇರೆಯಾಗಿ ಕಾಣುತ್ತಿದ್ದವು. ಲೋಸಾಳ ಗೇಟಿನ ಮುಂದೆ ಇನ್ನೊಂದು ಜೋಡಿ, ಅದಕ್ಕಿಂತ ಚಿಕ್ಕದು, ಬಂದು ಸೇರಿಕೊಂಡಿತ್ತು. ಅಲ್ಲಿಂದ ಮುಂದೆ ಎರಡೂ ಜೋಡಿ ಒಟ್ಟಿಗೇ ಶಾಲೆಯ ಕಡೆ ಹೋಗಿದ್ದವು.

ಶಾಲೆಯ ಗಂಟೆ ಇನ್ನೂ ಬಾರಿಸಿರಲಿಲ್ಲ. ಹಾಲಿನ ಲಾರಿಯೊಂದು ಹಾದುಹೋಯಿತು. ಚಾಲಕ ಕೈಬೀಸಿದ. ನೈರಿ ನೋಡಲಿಲ್ಲ. ಅವಳು ಮಂಡಿಯೂರಿ, ಮಗಳ ಒಂದು ಹೆಜ್ಜೆಯ ಮೇಲೆ ಕೈ ಚಾಚಿ, ಹೆಬ್ಬೆರಳನ್ನೂ ಕಿರುಬೆರಳನ್ನೂ ಅಗಲಿಸಿ ಗೇಣು ಹಾಕಿ ಅಳೆದಳು. ಗೇಣಿಗೆ ಕೊಂಚ ಹೆಚ್ಚು. ಆಮೇಲೆ ತಣ್ಣಗಾದ ಕೈಯನ್ನು ಎತ್ತಿ, ಪಕ್ಕದ ಪುಟ್ಟ ಹೆಜ್ಜೆಯ ಮೇಲಿಟ್ಟಳು.